ಭ್ರೂಣದಲ್ಲಿ ಸಿಲಿಯಾ ಕೋಶಗಳು ಮತ್ತು ಆರ್‌ಎನ್‌ಎ ಹಿಡಿಯುವ ಪ್ರೋಟೀನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲ ಭಾಗಕ್ಕೆ ಶಾಲೆಯ ಜೀವಶಾಸ್ತ್ರ ನೆನಪಿದ್ದರೆ ಸಾಕು, ಕೊನೆಯ ಭಾಗಕ್ಕೆ ಸ್ವಲ್ಪ ತಾಳ್ಮೆ ಬೇಕು. ಯಾವ ಉತ್ತರವನ್ನು ಬೇಕಾದರೂ ಮೊದಲು ಓದಬಹುದು.

## ಮೊದಲಿನಿಂದ

ಸಿಲಿಯಾ ಅಂದ್ರೆ ಏನು? ಎಲ್ಲಾ ಕೋಶಗಳಲ್ಲೂ ಇರುತ್ತಾ?

ಸಿಲಿಯಾ, ಅಂದರೆ ಪಠ್ಯಪುಸ್ತಕದ ಲೋಮಾಂಗಗಳು, ಕೋಶದ ಮೇಲ್ಮೈಯಿಂದ ಹೊರಗೆ ಚಾಚಿಕೊಂಡಿರುವ ಎಳೆಗಳು. ಉದ್ದ ಕೆಲವೇ ಮೈಕ್ರೋಮೀಟರ್. ಒಳಗೆ ಮೈಕ್ರೋಟ್ಯೂಬ್ಯೂಲ್ ಎಂಬ ಸಣ್ಣ ನಳಿಕೆಗಳ ಚೌಕಟ್ಟು ಇರುತ್ತದೆ: ಸುತ್ತಲೂ ಒಂಬತ್ತು ಜೋಡಿ, ಬಡಿಯುವ ಸಿಲಿಯಾಗಳಲ್ಲಿ ಸಾಮಾನ್ಯವಾಗಿ ನಡುವೆ ಇನ್ನೂ ಎರಡು. ಬುಡದಲ್ಲಿ ಬೇಸಲ್ ಬಾಡಿ ಇದೆ. ಕೋಶವಿಭಜನೆಯಲ್ಲಿ ಕಾಣಿಸಿಕೊಳ್ಳುವ ಸೆಂಟ್ರಿಯೋಲ್ ಮೇಲ್ಪದರಕ್ಕೆ ಬಂದು ನೆಲೆಯಾದಾಗ ಅದೇ ಬೇಸಲ್ ಬಾಡಿ.

ನಮ್ಮ ದೇಹದ ಬಹುತೇಕ ಕೋಶಗಳು ಯಾವುದಾದರೂ ಹಂತದಲ್ಲಿ ಒಂದೇ ಒಂದು, ಅಲುಗಾಡದ ಸಿಲಿಯಂ ಹೊಂದಿರುತ್ತವೆ. ಅದು ಹೊರಗಿನ ಸಂಕೇತಗಳನ್ನು ಗ್ರಹಿಸುವ ಅಂಗ. ಶ್ವಾಸನಾಳ, ಮೆದುಳಿನ ದ್ರವಕೋಣೆಗಳ ಒಳಗೋಡೆ, ಅಂಡನಾಳ, ಇಂಥ ಕೆಲವೇ ಕಡೆಗಳಲ್ಲಿ ಮಾತ್ರ ಒಂದೊಂದು ಕೋಶದ ಮೇಲೆ ನೂರಾರು ಸಿಲಿಯಾಗಳು ಒಟ್ಟಿಗೆ ಬಡಿಯುತ್ತವೆ. ಇವಕ್ಕೆ ಬಹುಸಿಲಿಯಾ ಕೋಶಗಳು ಎನ್ನೋಣ.

ಭ್ರೂಣ ಇನ್ನೂ ಉಸಿರಾಡೋದೇ ಇಲ್ಲವಲ್ಲ, ಅದಕ್ಕೆ ಸಿಲಿಯಾ ಯಾಕೆ ಬೇಕು?

ಉಸಿರಾಟಕ್ಕಿಂತ ಬಹಳ ಮುಂಚೆಯೇ ಬೇಕು. ಇಲಿಯ ಭ್ರೂಣದಲ್ಲಿ ಹೃದಯ ರೂಪ ತಾಳುವ ಮೊದಲೇ, ನೋಡ್ ಎಂಬ ಸಣ್ಣ ಗುಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಸಿಲಿಯಾಗಳು ಗಿರಗಿರ ತಿರುಗಿ ದ್ರವವನ್ನು ಎಡಕ್ಕೆ ಹರಿಸುತ್ತವೆ. ಹೃದಯದ ತುದಿ ಎಡಕ್ಕೆ ವಾಲಬೇಕು, ಯಕೃತ್ತು ಬಲಕ್ಕಿರಬೇಕು ಎಂಬ ತೀರ್ಮಾನ ಶುರುವಾಗುವುದು ಆ ಹರಿವಿನಿಂದ. ಅಲುಗಾಡದ ಸಿಲಿಯಾಗಳಿಗೂ ಭ್ರೂಣದಲ್ಲಿ ದೊಡ್ಡ ಕೆಲಸವಿದೆ. ಬೆರಳುಗಳ ಸಂಖ್ಯೆ, ಬೆನ್ನುಹುರಿಯ ಕೋಶಗಳ ಬಗೆ ಇವನ್ನೆಲ್ಲ ನಿರ್ಧರಿಸುವ ಹೆಜ್‌ಹಾಗ್ ಸಂಕೇತ ಸಸ್ತನಿಗಳಲ್ಲಿ ಸಿಲಿಯಂ ಮೂಲಕವೇ ಸಾಗುತ್ತದೆ.

ಆರ್‌ಎನ್‌ಎ ಹಿಡಿಯೋ ಪ್ರೋಟೀನ್ ಅಂದ್ರೆ, ಹಿಡಿದು ಏನು ಮಾಡುತ್ತೆ?

ಹಿಡಿದದ್ದನ್ನು ಕತ್ತರಿಸಿ ಜೋಡಿಸುತ್ತದೆ, ಸಾಗಿಸುತ್ತದೆ, ಕಾಯುತ್ತದೆ, ಇಲ್ಲವೇ ನಾಶಕ್ಕೆ ಒಪ್ಪಿಸುತ್ತದೆ. ಯಾವ ಪ್ರೋಟೀನ್ ಯಾವುದನ್ನು ಮಾಡುತ್ತದೆ ಎಂಬುದು ಅದರ ಜೊತೆಗಾರರ ಮೇಲೆ ನಿಂತಿದೆ. ಮನುಷ್ಯರಲ್ಲಿ ಇಂಥ ಪ್ರೋಟೀನ್‌ಗಳು ಸುಮಾರು 1,500 ಇವೆ. ಆರ್‌ಎನ್‌ಎಯನ್ನು ಹಿಡಿಯಲು ಅವುಗಳಲ್ಲಿ ಗೊತ್ತಾದ ಆಕಾರದ ಭಾಗಗಳಿರುತ್ತವೆ. ಮುಂದೆ ಬರುವ ಕಥೆಗೆ ಅವುಗಳಲ್ಲಿ ಕೆಎಚ್ ಭಾಗವೊಂದು ನೆನಪಿದ್ದರೆ ಸಾಕು. ಅದು ಕೆಲವೇ ಅಕ್ಷರಗಳ ಸಾಲನ್ನು ಗುರುತಿಸಿ ಹಿಡಿಯುತ್ತದೆ.

ಜೀನ್ ಆನ್ ಆದ್ರೆ ಪ್ರೋಟೀನ್ ಬರುತ್ತೆ ಅಂತ ಓದಿದ್ದೀವಿ. ಮಧ್ಯದಲ್ಲಿ ಇವಕ್ಕೇನು ಕೆಲಸ?

ಈ ಪ್ರಶ್ನೆಯನ್ನು ಯಾರು ಕೇಳಿದರೂ ನನಗೆ ಖುಷಿ, ಏಕೆಂದರೆ ಇಡೀ ವಿಷಯ ಇದರಲ್ಲೇ ಅಡಗಿದೆ. ಜೀನ್ ಆನ್ ಆಗುವುದು ಅರ್ಧ ಕಥೆ ಮಾತ್ರ. ಡಿಎನ್‌ಎಯಿಂದ ನಕಲಾಗಿ ಬಂದ ಆರ್‌ಎನ್‌ಎ ಸಂದೇಶ ಎಷ್ಟು ಹೊತ್ತು ಬದುಕಬೇಕು, ಕೋಶದ ಯಾವ ಮೂಲೆಯಲ್ಲಿರಬೇಕು, ಯಾವಾಗ ಪ್ರೋಟೀನ್ ಆಗಬೇಕು ಎಂಬ ಪ್ರಶ್ನೆಗಳೆಲ್ಲ ಆಮೇಲೂ ಉಳಿದಿರುತ್ತವೆ. ಇವನ್ನು ತೀರ್ಮಾನಿಸುವವು ಆರ್‌ಎನ್‌ಎ ಹಿಡಿಯುವ ಪ್ರೋಟೀನ್‌ಗಳು.

ಸಿಲಿಯಾ ಕೋಶಕ್ಕೆ ಇದು ಇನ್ನಷ್ಟು ಮುಖ್ಯ. ನೂರಾರು ಬಗೆಯ ಪ್ರೋಟೀನ್‌ಗಳನ್ನು ಸರಿಯಾದ ಅಳತೆಯಲ್ಲಿ, ಸರಿಯಾದ ಸರದಿಯಲ್ಲಿ ಅದು ತಯಾರಿಸಬೇಕು. ಬೇಸಲ್ ಬಾಡಿ ಮೇಲ್ಪದರಕ್ಕೆ ಬಂದು ನಿಲ್ಲದೆ ಸಿಲಿಯಂ ಬೆಳೆಯುವುದಿಲ್ಲ. ಸಿಲಿಯಂ ಬೆಳೆದರೂ ಡೈನಿನ್ ಮೋಟಾರುಗಳು ಒಳಗೆ ಸೇರದಿದ್ದರೆ ಅದು ಬಡಿಯುವುದಿಲ್ಲ. ಇಷ್ಟು ನಾಜೂಕಿನ ಕೆಲಸವನ್ನು ಜೀನ್‌ಗಳ ಆನ್-ಆಫ್ ಒಂದರಿಂದಲೇ ನಿಭಾಯಿಸಲಾಗದು.

## ಸಾಮಾನ್ಯ ಕೋಶ ಸಿಲಿಯಾ ಕೋಶವಾಗುವ ಬಗೆ

ಪಕ್ಕಪಕ್ಕದಲ್ಲೇ ಇರೋ ಕೋಶಗಳಲ್ಲಿ ಒಂದಕ್ಕೆ ಮಾತ್ರ ಸಿಲಿಯಾ ಬರೋದು ಹೇಗೆ?

ನಾಚ್ ಎಂಬ ಸಂಕೇತದಿಂದ. ಡೆಲ್ಟಾ ಪ್ರೋಟೀನನ್ನು ಹೆಚ್ಚು ತಯಾರಿಸಿದ ಕೋಶ ತನ್ನ ನೆರೆಯ ಕೋಶಗಳಲ್ಲಿ ನಾಚ್ ಅನ್ನು ಎಚ್ಚರಿಸುತ್ತದೆ. ನಾಚ್ ಎಚ್ಚರವಾದ ಕೋಶ ಸಿಲಿಯಾ ದಾರಿ ಬಿಟ್ಟು ಬೇರೆ ಬಗೆಯ ಕೋಶವಾಗುತ್ತದೆ, ನಾಚ್ ಸದ್ದಡಗಿದ ಕೋಶ ಬಹುಸಿಲಿಯಾ ಕೋಶವಾಗುತ್ತದೆ. ಆದ್ದರಿಂದ ಕಪ್ಪೆ ಭ್ರೂಣದ ಚರ್ಮದಲ್ಲಿ ಸಿಲಿಯಾ ಕೋಶಗಳು ಒಂದಕ್ಕೊಂದು ಅಂಟಿಕೊಳ್ಳದೆ ಅಲ್ಲೊಂದು ಇಲ್ಲೊಂದು ಚದುರಿ ನಿಂತಿರುತ್ತವೆ. ನಾಚ್ ಅನ್ನು ಕೃತಕವಾಗಿ ತಡೆದರೆ ಅವುಗಳ ಸಂಖ್ಯೆ ವಿಪರೀತ ಹೆಚ್ಚುತ್ತದೆ.

ಸೆಂಟ್ರಿಯೋಲ್ ಇರೋದು ಎರಡೇ ತಾನೆ? ನೂರಾರು ಸಿಲಿಯಾಗೆ ನೂರಾರು ಬುಡ ಎಲ್ಲಿಂದ ಬರುತ್ತೆ?

ನಾಚ್ ತಗ್ಗಿದ ಕೋಶದಲ್ಲಿ ಜೆಮ್‌ಸಿ1 ಮತ್ತು ಮಲ್ಟಿಸಿಲಿನ್ ಎಂಬ ಪ್ರೋಟೀನ್‌ಗಳು ಕೆಲಸ ಶುರು ಮಾಡುತ್ತವೆ. ಮಲ್ಟಿಸಿಲಿನ್ ಇ2ಎಫ್4, ಇ2ಎಫ್5 ಎಂಬ ಪ್ರೋಟೀನ್‌ಗಳ ಜೊತೆ ಸೇರಿ, ಸೆಂಟ್ರಿಯೋಲ್ ತಯಾರಿಸುವ ಜೀನ್‌ಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಕೋಶದೊಳಗೆ ಡ್ಯೂಟರೋಸೋಮ್ ಎಂಬ ಸಣ್ಣ ಕಣಗಳು ಮೂಡುತ್ತವೆ, ಅವುಗಳ ಸುತ್ತ ಹಲವು ಸೆಂಟ್ರಿಯೋಲ್‌ಗಳು ಏಕಕಾಲಕ್ಕೆ ಬೆಳೆಯುತ್ತವೆ. ಆಮೇಲೆ ಫಾಕ್ಸ್‌ಜೆ1 ಮತ್ತು ಆರ್‌ಎಫ್‌ಎಕ್ಸ್ ಗುಂಪಿನ ಪ್ರೋಟೀನ್‌ಗಳು ಸಿಲಿಯಂ ಕಟ್ಟುವ, ಬಡಿಸುವ ಜೀನ್‌ಗಳನ್ನು ಆನ್ ಮಾಡುತ್ತವೆ. ಜೀನ್ ಆನ್ ಆಗುವ ಕಥೆ ಇಲ್ಲಿಗೆ ಮುಗಿಯುತ್ತದೆ.

ಮೈಕ್ರೋಆರ್‌ಎನ್‌ಎ ಕೂಡ ಇದೇ ಲೆಕ್ಕಕ್ಕೆ ಬರುತ್ತಾ? ಅದು ಪ್ರೋಟೀನ್ ಅಲ್ಲವಲ್ಲ?

ಮೈಕ್ರೋಆರ್‌ಎನ್‌ಎ ಬಲು ಚಿಕ್ಕ ಆರ್‌ಎನ್‌ಎ ತುಣುಕು, ಪ್ರೋಟೀನ್ ಅಲ್ಲ, ಸರಿ. ಆದರೆ ಅದು ಒಂಟಿಯಾಗಿ ಏನೂ ಮಾಡಲಾರದು. ಆರ್ಗೊನಾಟ್ ಎಂಬ ಆರ್‌ಎನ್‌ಎ ಹಿಡಿಯುವ ಪ್ರೋಟೀನ್ ಅದನ್ನು ಹೊತ್ತುಕೊಂಡು, ಅದರ ಅಕ್ಷರಗಳಿಗೆ ಹೊಂದುವ ಸಂದೇಶವನ್ನು ಹುಡುಕಿ ಅದುಮುತ್ತದೆ. ಆದ್ದರಿಂದ ನಾನು ಇದನ್ನು ಈ ವಿಷಯದ ಒಳಗೇ ಇಡುತ್ತೇನೆ.

ಬಹುಸಿಲಿಯಾ ಕೋಶಗಳಲ್ಲಿ ಮಿರ್-449 ಗುಂಪಿನ ಮೈಕ್ರೋಆರ್‌ಎನ್‌ಎಗಳು ಭಾರಿ ಪ್ರಮಾಣದಲ್ಲಿ ಏರುತ್ತವೆ. ಅವು ಡೆಲ್ಟಾ ಮತ್ತು ನಾಚ್ ಸಂದೇಶಗಳನ್ನೇ ಅದುಮುತ್ತವೆ ಎಂದು 2011ರಲ್ಲಿ ಮನುಷ್ಯರ ಶ್ವಾಸನಾಳದ ಕೋಶಗಳಲ್ಲೂ ಕಪ್ಪೆ ಭ್ರೂಣದಲ್ಲೂ ತೋರಿಸಲಾಯಿತು. ಒಮ್ಮೆ ಸಿಲಿಯಾ ದಾರಿ ಹಿಡಿದ ಕೋಶ ಹಿಂದಿರುಗದಂತೆ ಇದು ನೋಡಿಕೊಳ್ಳುತ್ತದೆ.

ಎರಡನೆಯ ಗುರಿ ಸಿಪಿ110 ಎಂಬ ಪ್ರೋಟೀನ್. ಇದು ಸೆಂಟ್ರಿಯೋಲ್‌ನ ತುದಿಯನ್ನು ಮುಚ್ಚಿ ಸಿಲಿಯಂ ಬೆಳೆಯದಂತೆ ತಡೆಯುತ್ತದೆ. ಮಿರ್-34 ಮತ್ತು ಮಿರ್-449 ಗುಂಪಿನ ಆರೂ ಮೈಕ್ರೋಆರ್‌ಎನ್‌ಎಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಸಿಪಿ110 ಹೆಚ್ಚಾಯಿತು, ಬೇಸಲ್ ಬಾಡಿಗಳು ಮೇಲ್ಪದರಕ್ಕೆ ಸರಿಯಾಗಿ ಸೇರಲಿಲ್ಲ, ಸಿಲಿಯಾಗಳು ಗಿಡ್ಡವಾದವು, ವಿರಳವಾದವು. ಆ ಇಲಿಗಳಿಗೆ ಉಸಿರಾಟದ ತೊಂದರೆಯೂ ಬಂಜೆತನವೂ ಬಂತು. 2014ರಲ್ಲಿ ಪ್ರಕಟವಾದ ಕೆಲಸವಿದು. ಹಾಗೆಂದು ಸಿಪಿ110 ಬರೀ ಅಡ್ಡಿ ಎಂದುಕೊಳ್ಳಬೇಡಿ. ಅದನ್ನು ಪೂರ್ತಿ ತಗ್ಗಿಸಿದರೂ ಕಪ್ಪೆ ಭ್ರೂಣದಲ್ಲಿ ಸಿಲಿಯಾ ಕೆಡುತ್ತದೆ. ಫಾಕ್ಸ್‌ಜೆ1, ಆರ್‌ಎಫ್‌ಎಕ್ಸ್‌ನಂಥ ಪ್ರೋಟೀನ್‌ಗಳು ಸಿಪಿ110 ಸಂದೇಶವನ್ನು ಹುಟ್ಟಿಸುತ್ತವೆ, ಮೈಕ್ರೋಆರ್‌ಎನ್‌ಎಗಳು ಅದನ್ನು ತಗ್ಗಿಸುತ್ತವೆ. ಈ ಎಳೆದಾಟದಲ್ಲಿ ಅಳತೆ ಹದಕ್ಕೆ ಬರುತ್ತದೆ.

ಎಲ್ಲಾ ಪ್ರಯೋಗಾನೂ ಕಪ್ಪೆ ಮೇಲೇ ಯಾಕೆ?

ಎಲ್ಲವೂ ಅಲ್ಲ. ಇಲಿ, ಜೀಬ್ರಾ ಮೀನು, ಹಣ್ಣುನೊಣಗಳೂ ಇವೆ. ಆದರೆ ಝೆನೋಪಸ್ ಕಪ್ಪೆಯ ಅನುಕೂಲಗಳು ನಿಜಕ್ಕೂ ಅಪರೂಪ. ಮೊಟ್ಟೆಗಳು ಮಿಲಿಮೀಟರ್‌ಗಿಂತ ತುಸು ದೊಡ್ಡವು, ತಾಯಿಯ ದೇಹದ ಹೊರಗೆ ಬೆಳೆಯುತ್ತವೆ, ಸಿಲಿಯಾ ಕೋಶಗಳು ಚರ್ಮದ ಮೇಲೇ ಕಾಣುತ್ತವೆ. ಭ್ರೂಣ ಎರಡು ಕೋಶಗಳಾಗಿರುವಾಗ ಒಂದಕ್ಕೆ ಮಾತ್ರ ಸೂಜಿಯಲ್ಲಿ ಮಾರ್ಫೊಲಿನೊ (ಗೊತ್ತಾದ ಆರ್‌ಎನ್‌ಎ ಸಂದೇಶವನ್ನು ತಡೆಯುವ ಕೃತಕ ತುಣುಕು) ಚುಚ್ಚಿದರೆ, ಒಂದು ಬದಿಯಲ್ಲಷ್ಟೇ ಆ ಪ್ರೋಟೀನ್ ತಗ್ಗುತ್ತದೆ, ಇನ್ನೊಂದು ಬದಿ ಹೋಲಿಕೆಗೆ ಉಳಿಯುತ್ತದೆ. ಜೊತೆಗೆ ಹೊಳೆಯುವ ಬಣ್ಣವನ್ನೂ ಚುಚ್ಚಿದ್ದರೆ ಯಾವ ಬದಿ ಯಾವುದು ಎಂಬ ಗೊಂದಲವೂ ಇಲ್ಲ.

ಫಲವತ್ತಾದ ಮೊಟ್ಟೆಯಿಂದ ಒಂದೆರಡು ದಿನದೊಳಗೆ ಚರ್ಮದ ಸಿಲಿಯಾಗಳು ತಲೆಯಿಂದ ಬಾಲದ ಕಡೆಗೆ ನೀರು ತಳ್ಳಲು ಶುರುಮಾಡುತ್ತವೆ. ಬಣ್ಣದ ಹನಿಯೋ ಸಣ್ಣ ಮಣಿಗಳೋ ನೀರಿಗೆ ಸೇರಿದರೆ ಸೂಕ್ಷ್ಮದರ್ಶಕದ ಕೆಳಗೆ ಹರಿವು ಕಣ್ಣಿಗೇ ಕಾಣುತ್ತದೆ. ಆರೋಗ್ಯವಂತ ಬದಿಯಲ್ಲಿ ಮಣಿಗಳು ನೇರವಾಗಿ ಬಾಲದತ್ತ ಜಾರುತ್ತವೆ, ಕೆಟ್ಟ ಬದಿಯಲ್ಲಿ ಅಲ್ಲಲ್ಲೇ ಸುತ್ತಾಡುತ್ತವೆ. ಮೈಕ್ರೋಟ್ಯೂಬ್ಯೂಲ್‌ಗಳನ್ನು ಕಟ್ಟುವ ಟ್ಯೂಬ್ಯುಲಿನ್ ಪ್ರೋಟೀನಿನ ಅಸಿಟೈಲ್ ಆದ ರೂಪಕ್ಕೆ ಅಂಟುವ ಆಂಟಿಬಾಡಿ ಹಾಕಿ ನೋಡಿದರೆ ಪ್ರತಿ ಸಿಲಿಯಾ ಕೋಶವೂ ದಟ್ಟ ಎಳೆಗಳ ಗೊಂಚಲಾಗಿ ಬೆಳಗುತ್ತದೆ.

## ಬೈಕೌಡಲ್-ಸಿ ಕುರಿತು

ಬೈಕೌಡಲ್-ಸಿ ಹೆಸರು ಎಲ್ಲಿ ನೋಡಿದ್ರೂ ಬರುತ್ತೆ. ಅದರಲ್ಲಿ ಅಂಥದ್ದೇನಿದೆ?

ಸಿಲಿಯಾ ಮತ್ತು ಆರ್‌ಎನ್‌ಎ ಎರಡನ್ನೂ ನೇರವಾಗಿ ಜೋಡಿಸುವ ಪ್ರೋಟೀನ್‌ಗಳಲ್ಲಿ ಅತ್ಯಂತ ಚೆನ್ನಾಗಿ ಅಭ್ಯಾಸವಾಗಿರುವುದು ಇದು. ಮೊದಲು ಸಿಕ್ಕಿದ್ದು ಹಣ್ಣುನೊಣದಲ್ಲಿ. ತಾಯಿ ನೊಣದಲ್ಲಿ ಈ ಜೀನ್ ಕೆಟ್ಟರೆ, ತಲೆ ಇರಬೇಕಾದ ಕಡೆಯೂ ಹಿಂಭಾಗವೇ ಬೆಳೆದ ಭ್ರೂಣಗಳು ಹುಟ್ಟುತ್ತವೆ. ಕಶೇರುಕಗಳಲ್ಲಿ ಇದರ ಬಂಧುವಿಗೆ ಬಿಕ್1 ಎಂದು ಹೆಸರು. ಅದರಲ್ಲಿ ಆರ್‌ಎನ್‌ಎ ಹಿಡಿಯಲು ಕೆಎಚ್ ಭಾಗಗಳಿವೆ, ಇನ್ನೊಂದು ತುದಿಯಲ್ಲಿ ಸ್ಯಾಮ್ ಎಂಬ ಭಾಗವಿದೆ. ಸ್ಯಾಮ್ ಭಾಗಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗುತ್ತವೆ, ಹಾಗಾಗಿ ಬಿಕ್1 ಕೋಶದಲ್ಲಿ ಚುಕ್ಕಿ ಚುಕ್ಕಿಯಾಗಿ ಗುಂಪುಗೂಡುತ್ತದೆ. ಆರ್‌ಎನ್‌ಎ ಒಡೆಯುವ ಪಿ-ಬಾಡಿಗಳ ಪಕ್ಕದಲ್ಲೇ ಈ ಚುಕ್ಕಿಗಳು ಕಾಣುತ್ತವೆ.

2009ರಲ್ಲಿ ಕಪ್ಪೆ ಮತ್ತು ಇಲಿ ಭ್ರೂಣಗಳಲ್ಲಿ ಬಿಕ್1 ಇಲ್ಲದಂತೆ ಮಾಡಿದಾಗ ಸಿಲಿಯಾಗಳು ಹುಟ್ಟಿದವು, ಆದರೆ ದಿಕ್ಕು ತಪ್ಪಿದವು. ನೋಡ್‌ನ ಸಿಲಿಯಾಗಳು ಹಿಂದಕ್ಕೆ ವಾಲಿಕೊಂಡೇ ತಿರುಗಬೇಕು. ನೆಟ್ಟಗೆ ನಿಂತು ತಿರುಗಿದರೆ ಸುಳಿ ಏಳುತ್ತದೆಯೇ ಹೊರತು ಎಡಕ್ಕೆ ಹರಿವಾಗುವುದಿಲ್ಲ. ಬಿಕ್1 ಇಲ್ಲದ ಭ್ರೂಣಗಳಲ್ಲಿ ಕೆಟ್ಟದ್ದು ಈ ವಾಲುವಿಕೆ. ಕೋಶಗಳಿಗೆ ದಿಕ್ಕು ಹೇಳುವ ಡಿಶೆವೆಲ್ಡ್ ಎಂಬ ಪ್ರೋಟೀನ್ ಜೊತೆ ಬಿಕ್1 ನಂಟು ಹೊಂದಿರುವುದು ಇದಕ್ಕೆ ಕಾರಣ ಎಂದು ಆ ಕೆಲಸ ತೋರಿಸಿತು.

ಹೃದಯ ಎಡಕ್ಕಿರೋದಕ್ಕೂ ಆರ್‌ಎನ್‌ಎಗೂ ಏನು ಸಂಬಂಧ? ಹರಿವಿನಿಂದ ಆಗುತ್ತೆ ಅಂದ್ರಲ್ಲ?

ಹರಿವು ಹೌದು. ಆದರೆ ಹರಿವನ್ನು ಕೋಶ ಹೇಗೆ ಓದಿಕೊಳ್ಳುತ್ತದೆ? ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಉತ್ತರ ಇಲ್ಲಿದೆ, ತುಸು ವಿಸ್ತಾರವಾಗಿ ಹೇಳುತ್ತೇನೆ.

ಹರಿವೇ ಕಾರಣ ಎಂಬುದರಲ್ಲಿ ಈಗ ಸಂಶಯವಿಲ್ಲ. 1998ರಲ್ಲಿ ಜಪಾನಿನ ಸಂಶೋಧಕರು ಕಿಫ್3ಬಿ ಎಂಬ ಮೋಟಾರು ಪ್ರೋಟೀನ್ ಇಲ್ಲದ ಇಲಿಗಳಲ್ಲಿ ನೋಡ್‌ನ ಸಿಲಿಯಾಗಳೂ ಇಲ್ಲ, ಹರಿವೂ ಇಲ್ಲ, ಎಡ-ಬಲದ ಕ್ರಮವೂ ಇಲ್ಲ ಎಂದು ತೋರಿಸಿದರು. 2002ರಲ್ಲಿ ಭ್ರೂಣದ ಮೇಲೆ ಕೃತಕವಾಗಿ ಬಲಕ್ಕೆ ದ್ರವ ಹರಿಸಿದಾಗ ಎಡ-ಬಲ ಅದಲುಬದಲಾಯಿತು. 2012ರಲ್ಲಿ ಇನ್ನೂ ಅಚ್ಚರಿಯ ಸಂಗತಿ ಹೊರಬಂತು: ತಿರುಗುವ ಸಿಲಿಯಾ ಎರಡೇ ಇದ್ದರೂ ಎಡ-ಬಲ ನಿರ್ಧಾರಕ್ಕೆ ಸಾಕು. ಅಷ್ಟು ಕ್ಷೀಣವಾದ ಹರಿವನ್ನೂ ಗ್ರಹಿಸಬಲ್ಲ ವ್ಯವಸ್ಥೆ ಅಲ್ಲಿರಲೇಬೇಕು.

ನೋಡ್‌ನ ಅಂಚಿನ ಕೋಶಗಳಲ್ಲಿ ಅಲುಗಾಡದ ಸಿಲಿಯಾಗಳಿವೆ. ಅವುಗಳಲ್ಲಿರುವ ಪಾಲಿಸಿಸ್ಟಿನ್-2 ಎಂಬ ಕ್ಯಾಲ್ಸಿಯಂ ಕಾಲುವೆ ಹರಿವಿಗೆ ಸ್ಪಂದಿಸುತ್ತದೆ. ಅದೇ ಕೋಶಗಳಲ್ಲಿ ಡ್ಯಾಂಡ್5 ಎಂಬ ಪ್ರೋಟೀನ್ ತಯಾರಾಗುತ್ತಿರುತ್ತದೆ. ನೋಡಲ್ ಎಂಬ ಸಂಕೇತವನ್ನು ಅಡಗಿಸುವುದು ಅದರ ಕೆಲಸ. ಎಡಬದಿಯಲ್ಲಿ ನೋಡಲ್ ಎದ್ದು ನಿಲ್ಲಬೇಕಾದರೆ ಅಲ್ಲಿ ಡ್ಯಾಂಡ್5 ಕುಗ್ಗಬೇಕು. ಮೊದಲು ಎರಡೂ ಬದಿಗಳಲ್ಲಿ ಡ್ಯಾಂಡ್5 ಸಂದೇಶ ಸಮನಾಗಿಯೇ ಇರುತ್ತದೆ. ಹರಿವು ಶುರುವಾದ ಮೇಲೆ ಎಡಬದಿಯಲ್ಲಿ ಕಡಿಮೆಯಾಗುತ್ತದೆ.

ಎಡಗಡೆ ಜೀನ್ ಆಫ್ ಆಯಿತು ಎಂದು ನೀವು ಊಹಿಸಿದರೆ ಅದು ಸಹಜ. ಆದರೆ ಅಲ್ಲಿ ನಡೆಯುವುದು ಬೇರೆ. ಈಗಾಗಲೇ ತಯಾರಾಗಿ ನಿಂತ ಸಂದೇಶವನ್ನೇ ಕೋಶ ಎಡಬದಿಯಲ್ಲಿ ಒಡೆದುಹಾಕುತ್ತದೆ. 2021ರಲ್ಲಿ ಬಂದ ಕೆಲಸಗಳು ಇದರ ಹಿಂದೆ ಬಿಕ್1 ಇದೆ ಎಂದು ತೋರಿಸಿದವು. ಡ್ಯಾಂಡ್5 ಸಂದೇಶದ ಬಾಲದಲ್ಲಿ ಪ್ರೋಟೀನ್ ಆಗಿ ಅನುವಾದವಾಗದ ಒಂದು ಭಾಗವಿದೆ. ಬಿಕ್1 ಅಲ್ಲಿ ಕೂರುತ್ತದೆ, ಸಿಸಿಆರ್4 ಕಿಣ್ವಗಳ ತಂಡವನ್ನು ಕರೆತರುತ್ತದೆ. ಆ ತಂಡ ಸಂದೇಶದ ಕೊನೆಯ ಎ ಅಕ್ಷರಗಳ ಸಾಲನ್ನು ಕತ್ತರಿಸುತ್ತಾ ಬರುತ್ತದೆ, ಸಂದೇಶ ಕೊಳೆಯುತ್ತದೆ. ಹರಿವಿನಿಂದ ಶುರುವಾದ ಕ್ಯಾಲ್ಸಿಯಂ ಸಂಕೇತ ಇದನ್ನು ಎಡಬದಿಯಲ್ಲಿ ತೀವ್ರಗೊಳಿಸುತ್ತದೆ. ಡ್ಯಾಂಡ್5 ತಗ್ಗಿದ ಕೂಡಲೇ ನೋಡಲ್ ಏಳುತ್ತದೆ, ಎಡಬದಿಯ ಅಂಗಾಂಶದಲ್ಲಿ ಪಿಟ್ಸ್2 ಜೀನ್ ಆನ್ ಆಗುತ್ತದೆ, ಅಲ್ಲಿಂದಾಚೆಗೆ ಆ ಬದಿ ಎಡ ಎಂದು ಬೆಳೆಯುತ್ತದೆ.

ಹೊಸ ಸಂದೇಶ ಬರೆಯುವುದಕ್ಕಿಂತ ಇರುವ ಸಂದೇಶ ಅಳಿಸುವುದು ಬೇಗ ಆಗುವ ಕೆಲಸ. ಭ್ರೂಣಕ್ಕೆ ಇಲ್ಲಿ ಸಿಗುವ ಕಾಲಾವಕಾಶ ಕೆಲವು ಗಂಟೆಗಳದ್ದು ಮಾತ್ರ. ಇದನ್ನು ಅರ್ಥ ಮಾಡಿಕೊಂಡರೆ ಆರ್‌ಎನ್‌ಎ ಹಿಡಿಯುವ ಪ್ರೋಟೀನ್ ಇಲ್ಲೇಕೆ ಬೇಕಾಯಿತು ಎಂಬುದೂ ಅರ್ಥವಾಗುತ್ತದೆ.

ಬಿಕ್1 ಕೆಟ್ಟರೆ ಕಿಡ್ನಿಯಲ್ಲಿ ನೀರುಗುಳ್ಳೆ ಬರುತ್ತೆ ಅಂತಾರೆ. ಕಿಡ್ನಿಗೆ ಎಡ-ಬಲ ಯಾಕೆ?

ಎಡ-ಬಲದಿಂದಲ್ಲ. ಮೂತ್ರಪಿಂಡದ ನಾಳಗಳ ಕೋಶಗಳಲ್ಲೂ ಅಲುಗಾಡದ ಸಿಲಿಯಾಗಳಿವೆ, ಅವುಗಳಲ್ಲೂ ಪಾಲಿಸಿಸ್ಟಿನ್-2 ಇದೆ. ಅದು ಕುಗ್ಗಿದರೆ ನಾಳಗಳು ಊದಿಕೊಂಡು ಗುಳ್ಳೆಗಳಾಗುತ್ತವೆ. 2010ರಲ್ಲಿ ಕಂಡದ್ದು ಇದು: ಮಿರ್-17 ಎಂಬ ಮೈಕ್ರೋಆರ್‌ಎನ್‌ಎ ಪಾಲಿಸಿಸ್ಟಿನ್-2ರ ಸಂದೇಶವನ್ನು ಅದುಮುತ್ತದೆ, ಬಿಕ್1 ಅದನ್ನು ಎದುರಿಸಿ ಸಂದೇಶವನ್ನು ಕಾಪಾಡುತ್ತದೆ.

ನೋಡ್‌ನಲ್ಲಿ ಡ್ಯಾಂಡ್5 ಸಂದೇಶವನ್ನು ಕೊಲ್ಲಿಸುವ ಪ್ರೋಟೀನೇ ಮೂತ್ರಪಿಂಡದಲ್ಲಿ ಇನ್ನೊಂದು ಸಂದೇಶವನ್ನು ಉಳಿಸುತ್ತದೆ. ಯಾವ ಅಂಗಾಂಶ, ಯಾವ ಸಂದೇಶ, ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಫಲ ನಿಂತಿದೆ. ಹಾಗಾಗಿ ಒಂದು ಪ್ರೋಟೀನಿಗೆ "ನಾಶಕ" ಅಥವಾ "ರಕ್ಷಕ" ಎಂದು ಒಂದೇ ಹಣೆಪಟ್ಟಿ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಬಿಕ್1 ಜೊತೆ ಅಂಕ್ಸ್3, ಅಂಕ್ಸ್6 ಎಂಬ ಪ್ರೋಟೀನ್‌ಗಳೂ ಕೊಂಡಿ ಹಾಕಿಕೊಳ್ಳುತ್ತವೆ. ಅಂಕ್ಸ್6 ಜೀನಿನ ದೋಷದಿಂದ ಮಕ್ಕಳಲ್ಲಿ ನೆಫ್ರೊನೊಫ್ತೈಸಿಸ್ ಎಂಬ ಮೂತ್ರಪಿಂಡದ ಕಾಯಿಲೆ ಬರುತ್ತದೆ.

## ಇನ್ನೂ ಆಳಕ್ಕೆ

ಸ್ಪ್ಲೈಸಿಂಗ್ ಎಲ್ಲಾ ಕೋಶದಲ್ಲೂ ನಡೆಯೋ ಕೆಲಸ. ಅದು ಕೆಟ್ಟರೆ ಸಿಲಿಯಾಗೇ ಯಾಕೆ ಪೆಟ್ಟು ಬೀಳುತ್ತೆ?

ಹೊಸದಾಗಿ ನಕಲಾದ ಆರ್‌ಎನ್‌ಎಯಲ್ಲಿ ಬೇಡದ ತುಣುಕುಗಳನ್ನು (ಇಂಟ್ರಾನ್) ಕತ್ತರಿಸಿ ತೆಗೆದು, ಬೇಕಾದವನ್ನು (ಎಕ್ಸಾನ್) ಜೋಡಿಸುವುದೇ ಸ್ಪ್ಲೈಸಿಂಗ್. ಒಂದು ಕಾರಣ ಸಿಲಿಯಾ ಜೀನ್‌ಗಳ ಗಾತ್ರ. ಡಿಎನ್‌ಎಎಚ್5 ಎಂಬ ಡೈನಿನ್ ಜೀನಿನಲ್ಲಿ 79 ಎಕ್ಸಾನ್‌ಗಳಿವೆ. ಅಂದರೆ 78 ಕಡೆ ಇಂಟ್ರಾನ್ ಕತ್ತರಿಸಿ, ಒಂದಕ್ಷರವೂ ತಪ್ಪದಂತೆ ಜೋಡಿಸಬೇಕು. ಪ್ರತಿ ಜೋಡಣೆಯಲ್ಲೂ ಸಣ್ಣ ತಪ್ಪಿನ ಸಾಧ್ಯತೆ ಇದ್ದರೆ, ಹತ್ತು ಎಕ್ಸಾನ್‌ಗಳ ಜೀನಿಗಿಂತ ಇದಕ್ಕೆ ಅಪಾಯ ಎಷ್ಟೋ ಪಟ್ಟು ಹೆಚ್ಚು.

ಇದರ ಪರಾಕಾಷ್ಠೆ ಹಣ್ಣುನೊಣದ ವೀರ್ಯಾಣುವಿನಲ್ಲಿದೆ. ಅದರ ಬಾಲವೂ ಸಿಲಿಯಂನ ಬಂಧುವೇ. ಬಾಲದ ಡೈನಿನ್‌ಗಳಿಗೆ ಬೇಕಾದ ಕೆಲವು ಜೀನ್‌ಗಳು ವೈ ಕ್ರೋಮೋಸೋಮಿನಲ್ಲಿವೆ, ಅವುಗಳ ಇಂಟ್ರಾನ್‌ಗಳು ಲಕ್ಷಾಂತರ ಅಕ್ಷರಗಳಷ್ಟು ಉದ್ದ. ಅಷ್ಟು ಉದ್ದದ ಆರ್‌ಎನ್‌ಎ ನಕಲಾಗುವಾಗ ಬ್ಲ್ಯಾಂಕ್ಸ್ ಮತ್ತು ಹೆಫ್ ಎಂಬ ಆರ್‌ಎನ್‌ಎ ಹಿಡಿಯುವ ಪ್ರೋಟೀನ್‌ಗಳು ಜೊತೆಗಿರಬೇಕು. ಅವಿಲ್ಲದಿದ್ದರೆ ಡೈನಿನ್ ಸಿಗುವುದಿಲ್ಲ, ಗಂಡುನೊಣ ಬಂಜೆಯಾಗುತ್ತದೆ.

ಎರಡನೆಯ ಕಾರಣ ಬೇಡಿಕೆ. ಕಣ್ಣಿನ ಬೆಳಕುಗ್ರಾಹಿ ಕೋಶದ ಹೊರಭಾಗ ಮಾರ್ಪಟ್ಟ ಸಿಲಿಯಂ, ಅದನ್ನು ಕೋಶ ಜೀವನವಿಡೀ ಹೊಸದಾಗಿ ಕಟ್ಟುತ್ತಲೇ ಇರಬೇಕು. ಪಿಆರ್‌ಪಿಎಫ್6, ಪಿಆರ್‌ಪಿಎಫ್8, ಪಿಆರ್‌ಪಿಎಫ್31 ಎಂಬ ಸ್ಪ್ಲೈಸಿಂಗ್ ಪ್ರೋಟೀನ್‌ಗಳ ದೋಷ ಬಹುತೇಕ ಕಣ್ಣಿನಲ್ಲಷ್ಟೇ ಕಾಯಿಲೆಯಾಗಿ ಕಾಣುವುದು ಸಂಶೋಧಕರನ್ನು ಬಹುಕಾಲ ಕಾಡಿತ್ತು. 2015ರ ದೊಡ್ಡ ತಪಾಸಣೆಯೊಂದರಲ್ಲಿ ಈ ಪ್ರೋಟೀನ್‌ಗಳನ್ನು ತಗ್ಗಿಸಿದಾಗ ಸಿಲಿಯಾ ಬೆಳವಣಿಗೆಯೇ ಕುಂಠಿತವಾಯಿತು.

ಮೂರನೆಯದು ನನಗೆ ಹೆಚ್ಚು ಕುತೂಹಲದ್ದು. ಎಸ್‌ಆರ್‌ಎಸ್‌ಎಫ್1 ಎಂಬ ಸ್ಪ್ಲೈಸಿಂಗ್ ಪ್ರೋಟೀನ್ ನ್ಯೂಕ್ಲಿಯಸ್ಸಿನಿಂದ ಹೊರಗೂ ಓಡಾಡುತ್ತದೆ. 2021ರಲ್ಲಿ ಅದು ಹೊರಬರಲಾಗದಂಥ ಇಲಿಗಳನ್ನು ಬೆಳೆಸಿ ನೋಡಿದರು. ಸ್ಪ್ಲೈಸಿಂಗ್ ಬಹುಮಟ್ಟಿಗೆ ಸರಿಯಿತ್ತು. ಆದರೂ ಮರಿಗಳು ಚಿಕ್ಕದಾಗಿದ್ದವು, ಮೆದುಳಿನಲ್ಲಿ ನೀರು ತುಂಬಿತು, ವೀರ್ಯಾಣುಗಳು ಚಲಿಸಲಿಲ್ಲ, ಶ್ವಾಸನಾಳದ ಸಿಲಿಯಾಗಳ ಬಡಿತ ಕೆಟ್ಟಿತು. ಸೈಟೋಪ್ಲಾಸಮ್ಮಿನಲ್ಲಿ ಅನುವಾದಕ್ಕೆ ನೆರವಾಗುವ ಅದರ ಎರಡನೇ ಕೆಲಸ ಸಿಲಿಯಾಗೆ ಎಷ್ಟು ಬೇಕು ಎಂಬುದು ಆಗ ಗೊತ್ತಾಯಿತು.

ಸಂದೇಶ ಕೋಶದಲ್ಲಿ ಎಲ್ಲಿದ್ರೇನು? ಪ್ರೋಟೀನ್ ತಯಾರಾದ ಮೇಲೆ ಹೋಗಬೇಕಾದ ಕಡೆ ಹೋಗುತ್ತಲ್ಲ?

ಕೆಲವು ಹೋಗುತ್ತವೆ. ಎಲ್ಲವಕ್ಕೂ ಅಷ್ಟು ಸುಲಭವಲ್ಲ. ಸ್ಪ್ಲೈಸಿಂಗ್ ಆದ ಮೇಲೆ ಜೋಡಣೆಯ ಜಾಗಗಳ ಬಳಿ ಉಳಿದುಕೊಳ್ಳುವ ಪ್ರೋಟೀನ್ ಗುಂಪೊಂದಿದೆ: ಇಐಎಫ್4ಎ3, ವೈ14, ಮಾಗೋ ಇತ್ಯಾದಿ. ಸಿಲಿಯಾ ಬೆಳೆಸುತ್ತಿರುವ ಕೋಶಗಳಲ್ಲಿ ಈ ಗುಂಪು ಸೆಂಟ್ರೋಸೋಮಿನ, ಅಂದರೆ ಸೆಂಟ್ರಿಯೋಲ್‌ಗಳಿರುವ ಕೇಂದ್ರದ, ಸುತ್ತ ಸೇರುತ್ತದೆ, ನೈನಿನ್ ಎಂಬ ಪ್ರೋಟೀನಿನ ಸಂದೇಶ ಅಲ್ಲಿಗೆ ತಲುಪಲು ನೆರವಾಗುತ್ತದೆ. ಗುಂಪನ್ನು ಕುಗ್ಗಿಸಿದರೆ ಸೆಂಟ್ರೋಸೋಮಿನ ಕಟ್ಟಡ ಹದಗೆಡುತ್ತದೆ, ಸಿಲಿಯಾ ಬೆಳವಣಿಗೆಗೂ ಅಡ್ಡಿಯಾಗುತ್ತದೆ.

ಸಿಲಿಯಾ ಒಳಗೇ ಪ್ರೋಟೀನ್ ತಯಾರಾಗುತ್ತೆ ಅಂತ ಓದಿದೆ. ನಿಜಾನಾ?

2021ರಲ್ಲಿ ಇಲಿಯ ಮೆದುಳಿನ ದ್ರವಕೋಣೆಗಳ ಒಳಗೋಡೆಯ (ಎಪೆಂಡೈಮಲ್) ಕೋಶಗಳ ಸಿಲಿಯಾಗಳನ್ನು ಬಿಡಿಸಿ ನೋಡಿದಾಗ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಪ್ರೋಟೀನ್‌ಗಳು, ಅದರದೇ ಭಾಗವಾದ 18ಎಸ್ ಆರ್‌ಎನ್‌ಎ, ಟ್ಯೂಬ್ಯುಲಿನ್ ಸಂದೇಶ ಎಲ್ಲವೂ ಸಿಕ್ಕವು. ಸಿಲಿಯಾದೊಳಗೆ ಹೊಸ ಪ್ರೋಟೀನ್ ಎಳೆಗಳು ತಯಾರಾಗುತ್ತಿರುವುದೂ ಕಂಡಿತು. ಸಂದೇಶಗಳನ್ನು ಒಳಗೆ ಒಯ್ಯುವುದರಲ್ಲಿ ಎಫ್‌ಎಂಆರ್‌ಪಿ ಎಂಬ ಆರ್‌ಎನ್‌ಎ ಹಿಡಿಯುವ ಪ್ರೋಟೀನಿನ ಕೈವಾಡವಿದ್ದಂತೆ ಕಂಡಿತು. ಬುದ್ಧಿಬೆಳವಣಿಗೆ ಕುಂದುವ ಫ್ರಜೈಲ್ ಎಕ್ಸ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯಲ್ಲಿ ಇಲ್ಲವಾಗುವ ಪ್ರೋಟೀನೂ ಇದೇ. ಅದನ್ನು ತಗ್ಗಿಸಿದಾಗ ಸಿಲಿಯಾಗಳು ಕ್ಷೀಣಿಸಿದವು. ಕಟ್ಟುವ ಸಾಮಾನೆಲ್ಲ ಕೋಶದ ಒಡಲಿನಿಂದಲೇ ಬರಬೇಕು ಎಂಬ ಹಳೆಯ ನಂಬಿಕೆಗೆ ಇದು ದೊಡ್ಡ ಸವಾಲು. ಆದರೆ ಇದು ಮುಖ್ಯವಾಗಿ ಬೆಳೆದ ಸಿಲಿಯಾಗಳ ನಿರ್ವಹಣೆಯ ಮಾತು. ಭ್ರೂಣದಲ್ಲಿ ಮೊದಲ ಸಿಲಿಯಂ ಮೂಡುವುದಕ್ಕೂ ಇದೇ ಬೇಕು ಎಂದು ಇದರಿಂದ ತೀರ್ಮಾನಿಸಲಾಗದು.

ಯಾವುದೋ ಪ್ರೋಟೀನ್ ತೆಗೆದ್ರಿ, ಸಿಲಿಯಾ ಕೆಟ್ಟಿತು. ಅದೇ ಕಾರಣ ಅಂತ ಹೇಗೆ ಹೇಳ್ತೀರಿ? ಕೋಶವೇ ಸೊರಗಿರಬಹುದಲ್ಲ?

ಖಂಡಿತ ಸೊರಗಿರಬಹುದು. ನೂರಾರು ಸಂದೇಶಗಳನ್ನು ಮುಟ್ಟುವ ಪ್ರೋಟೀನ್ ತೆಗೆದರೆ ಭ್ರೂಣವೇ ನಿಧಾನವಾಗಿ ಬೆಳೆಯುತ್ತದೆ. ಸಿಲಿಯಾ ಇನ್ನೂ ಬಂದಿಲ್ಲದ್ದನ್ನು ಸಿಲಿಯಾ ಬರಲೇ ಇಲ್ಲ ಎಂದು ಓದಿಬಿಡುವ ಅಪಾಯವಿದೆ. ಯಾವ ಪ್ರಬಂಧ ಓದಿದರೂ ನಾನು ಹುಡುಕುವ ಸಂಗತಿಗಳನ್ನು ಹೇಳುತ್ತೇನೆ.

ಮೊದಲಿಗೆ, ಕೆಟ್ಟದ್ದು ನಿಖರವಾಗಿ ಯಾವುದು? ಸಿಲಿಯಾ ಕೋಶಗಳ ಸಂಖ್ಯೆ ಕಡಿಮೆಯಾಯಿತೇ? ಆಗಿದ್ದರೆ ನಾಚ್ ಹಂತದಲ್ಲಿ ಹುಡುಕಬೇಕು. ಕೋಶಗಳಿವೆ, ಆದರೆ ಪ್ರತಿ ಕೋಶದ ಮೇಲೆ ಎಳೆಗಳು ಕಡಿಮೆಯೇ? ಬೇಸಲ್ ಬಾಡಿ ಎಣಿಸಬೇಕು. ಅವು ಇವೆ, ಆದರೆ ಕೋಶದ ಆಳದಲ್ಲೇ ಸಿಕ್ಕಿಕೊಂಡಿವೆಯೇ? ಎಳೆಗಳೆಲ್ಲ ಇದ್ದೂ ಬಡಿತವಿಲ್ಲವೇ, ಬಡಿತವಿದ್ದೂ ದಿಕ್ಕಿಲ್ಲವೇ? "ಸಿಲಿಯಾ ದೋಷ" ಎಂಬ ಒಂದೇ ಮಾತಿನಡಿ ಇಷ್ಟೂ ಬೇರೆ ಬೇರೆ ಸಂಗತಿಗಳು ಕಲಸಿಹೋಗುತ್ತವೆ.

ಎರಡನೆಯದು, ಪ್ರೋಟೀನನ್ನು ಮರಳಿಸಿದಾಗ ಸಿಲಿಯಾ ಸರಿಹೋಯಿತೇ? ಅದಕ್ಕಿಂತ ಗಟ್ಟಿ ಪರೀಕ್ಷೆ ಇದೆ: ಆರ್‌ಎನ್‌ಎ ಹಿಡಿಯಲಾಗದಂತೆ ಮಾಡಿದ ಅದೇ ಪ್ರೋಟೀನನ್ನು ಮರಳಿಸುವುದು. ಕೆಎಚ್ ಭಾಗದಲ್ಲಿ ನಾಲ್ಕು ಅಮೈನೋ ಆಮ್ಲಗಳ ಒಂದು ಕುಣಿಕೆ ಇದೆ, ಎರಡು ತುದಿಯಲ್ಲೂ ಗ್ಲೈಸಿನ್. ನಡುವಿನ ಎರಡನ್ನು ಆಸ್ಪಾರ್ಟೇಟ್ ಆಗಿ ಬದಲಿಸಿದರೆ ಪ್ರೋಟೀನಿನ ಆಕಾರ ಉಳಿಯುತ್ತದೆ, ಆರ್‌ಎನ್‌ಎ ಹಿಡಿತ ಮಾತ್ರ ತಪ್ಪುತ್ತದೆ. ಸಹಜ ಪ್ರೋಟೀನ್ ಸಿಲಿಯಾ ಉಳಿಸಿ, ಇದು ಉಳಿಸದಿದ್ದರೆ, ಆರ್‌ಎನ್‌ಎ ಹಿಡಿಯುವುದೇ ಅಲ್ಲಿ ಮುಖ್ಯ ಎಂಬ ನಂಬಿಕೆ ಬಲವಾಗುತ್ತದೆ.

ಮೂರನೆಯದು, ಆ ಪ್ರೋಟೀನ್ ಯಾವ ಸಂದೇಶದ ಮೇಲೆ ಕೂರುತ್ತದೆ ಎಂದು ನೇರವಾಗಿ ನೋಡಿದ್ದಾರೆಯೇ? ಕೋಶಗಳ ಮೇಲೆ 254 ನ್ಯಾನೋಮೀಟರ್ ನೇರಳಾತೀತ ಬೆಳಕು ಬಿಟ್ಟರೆ ಪ್ರೋಟೀನೂ ಅದು ಹಿಡಿದಿರುವ ಆರ್‌ಎನ್‌ಎಯೂ ಬೆಸೆದುಕೊಳ್ಳುತ್ತವೆ. ಆ ಪ್ರೋಟೀನನ್ನು ಹೊರತೆಗೆದು ಅಂಟಿದ ಆರ್‌ಎನ್‌ಎಯನ್ನು ಓದಬಹುದು. ಇದಕ್ಕೆ ಕ್ಲಿಪ್ ಎಂದು ಹೆಸರು. ಸಂದೇಶದ ಪ್ರಮಾಣ ಬದಲಾಯಿತು ಎಂದಷ್ಟೇ ತೋರಿಸಿ ನಿಲ್ಲಿಸಿದ ಪ್ರಬಂಧವನ್ನು ನಾನು ಅರ್ಧ ಪುರಾವೆ ಎಂದೇ ಎಣಿಸುತ್ತೇನೆ.

ನನ್ನ ಮಗುವಿಗೆ ಪ್ರೈಮರಿ ಸಿಲಿಯರಿ ಡಿಸ್ಕೈನೇಶಿಯಾ ಇದೆ ಅಂದಿದ್ದಾರೆ. ಇದು ಇಂಥ ಪ್ರೋಟೀನ್‌ಗಳಿಂದ ಬಂದಿರಬಹುದಾ ಸರ್?

ಅಮ್ಮಾ, ಹೆಚ್ಚಿನ ಮಕ್ಕಳಲ್ಲಿ ಹಾಗಲ್ಲ. ಸಿಲಿಯಾ ಸರಿಯಾಗಿ ಬಡಿಯದ ಈ ಹುಟ್ಟು ಕಾಯಿಲೆಗೆ ಕಾರಣವಾಗುವ ಐವತ್ತಕ್ಕೂ ಹೆಚ್ಚು ಜೀನ್‌ಗಳು ಈಗ ಗೊತ್ತಿವೆ. ಬಹುಪಾಲು ಸಿಲಿಯಂನ ಬಿಡಿಭಾಗಗಳನ್ನೋ ಆ ಭಾಗಗಳನ್ನು ಜೋಡಿಸುವ ಪ್ರೋಟೀನ್‌ಗಳನ್ನೋ ತಯಾರಿಸುವ ಜೀನ್‌ಗಳು. ಡಿಎನ್‌ಎಎಚ್5 ಅವುಗಳಲ್ಲೊಂದು. ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅಂಗಗಳು ಎಡ-ಬಲ ಅದಲುಬದಲಾಗಿರುತ್ತವೆ. ಮಲ್ಟಿಸಿಲಿನ್ ಅಥವಾ ಸಿಸಿಎನ್‌ಒ ಜೀನ್ ಕೆಟ್ಟವರಲ್ಲಿ ಹಾಗಾಗುವುದಿಲ್ಲ, ಏಕೆಂದರೆ ನೋಡ್‌ನ ಒಂಟಿ ಸಿಲಿಯಾಗೆ ಆ ಎರಡೂ ಬೇಡ. ಮಗುವಿನ ಜೀನ್ ಪರೀಕ್ಷೆಯ ವರದಿಯಲ್ಲಿ ಸ್ಪ್ಲೈಸ್ ಎಂಬ ಪದವಿದ್ದರೆ, ದೋಷ ಆ ಜೀನಿನ ಜೋಡಣೆಯ ಜಾಗದಲ್ಲಿದೆ ಎಂದರ್ಥ, ಸ್ಪ್ಲೈಸಿಂಗ್ ಮಾಡುವ ಪ್ರೋಟೀನ್‌ಗಳಲ್ಲಲ್ಲ. ಗರ್ಭಿಣಿಯಾಗಿದ್ದಾಗ ನೀವು ತಿಂದದ್ದರಿಂದಲೋ ಮಾಡಿದ್ದರಿಂದಲೋ ಇದು ಬರುವುದಿಲ್ಲ. ಹೆಚ್ಚಾಗಿ ತಂದೆ ತಾಯಿ ಇಬ್ಬರೂ ತಿಳಿಯದೆ ಹೊತ್ತ, ಜೀನಿನ ಒಂದೊಂದು ಕೆಟ್ಟ ಪ್ರತಿಯಿಂದ ಬರುತ್ತದೆ. ಉಳಿದ ವಿವರವನ್ನು ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ.

ಸ್ಪ್ಲೈಸಿಂಗ್ ಸರಿಪಡಿಸಿ ಸಿಲಿಯಾ ಕಾಯಿಲೆ ವಾಸಿ ಮಾಡೋಕಾಗುತ್ತಾ?

ಪ್ರಯತ್ನ ನಡೆದಿದೆ. ಸಿಇಪಿ290 ಎಂಬ ಸಿಲಿಯಾ ಜೀನಿನ ಇಂಟ್ರಾನ್ ಒಂದರಲ್ಲಿ ಒಂದೇ ಅಕ್ಷರ ಬದಲಾದರೆ, ಅಲ್ಲಿಲ್ಲದ ಎಕ್ಸಾನ್ ಇದೆ ಎಂದು ಸ್ಪ್ಲೈಸಿಂಗ್ ಯಂತ್ರ ಮೋಸಹೋಗುತ್ತದೆ. 128 ಅಕ್ಷರಗಳ ಬೇಡದ ತುಣುಕು ಸಂದೇಶದೊಳಗೆ ಸೇರಿ ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಹುಟ್ಟಿನಿಂದಲೇ ದೃಷ್ಟಿ ಕುಂದುವ ಕಾಯಿಲೆಯೊಂದಕ್ಕೆ ಇದು ಕಾರಣ. ಆ ತಪ್ಪು ಜಾಗವನ್ನು ಮುಚ್ಚುವ ಸಣ್ಣ ಆರ್‌ಎನ್‌ಎ ಮಾದರಿಯ ಔಷಧ ಸೆಪೋಫಾರ್ಸೆನ್ ಮೊದಲ ಪರೀಕ್ಷೆಗಳಲ್ಲಿ ಆಸೆ ಹುಟ್ಟಿಸಿತು, 2022ರಲ್ಲಿ ದೊಡ್ಡ ಪರೀಕ್ಷೆಯ ಮುಖ್ಯ ಗುರಿ ಮುಟ್ಟಲಿಲ್ಲ. ಆ ಮಾರ್ಗ ಮುಚ್ಚಿತು ಎಂದು ನಾನು ಭಾವಿಸುವುದಿಲ್ಲ. ಕಣ್ಣು, ಶ್ವಾಸನಾಳ ಇವು ಔಷಧ ತಲುಪಿಸಬಹುದಾದ ಜಾಗಗಳು. ಎಡ-ಬಲದ ತೀರ್ಮಾನ ಮಾತ್ರ ಗರ್ಭದ ಮೊದಲ ಕೆಲವು ವಾರಗಳಲ್ಲೇ, ಬಹಳಷ್ಟು ಸಲ ತಾಯಿಗೆ ತಾನು ಗರ್ಭಿಣಿ ಎಂದು ತಿಳಿಯುವ ಹೊತ್ತಿಗೇ ಆಗಿಹೋಗುತ್ತದೆ. ಅದನ್ನು ಆಮೇಲೆ ಔಷಧದಿಂದ ಬದಲಿಸಲಾಗದು.